ನವಣೆ ಚೀಲ ಬಿಚ್ಚುವ ಅನುಮತಿ

ಮಾನ್ವಿಯ ಕಾಲುವೆ ಕಡತ ಪರಿಶೀಲನಾ ಉಪಕಚೇರಿಯ ಅಡುಗೆಮನೆಗೆ ಜೂನ್ ಮೂರರಂದು ಆರು ಚೀಲ ನವಣೆ, ನಾಲ್ಕು ಡಬ್ಬಿ ಕೆನೆ ತೆಗೆದ ಹಾಲಿನ ಪುಡಿ ಮತ್ತು ಒಂದು ಡಬ್ಬಿ ಓಟ್ಸ್ ಬಂದಿಳಿದವು ಎಂಬುದನ್ನು ಸರ್ವರ ಮಾಹಿತಿಗಾಗಿ ಈ ಮೂಲಕ ದಾಖಲಿಸಲಾಗಿದೆ. ನೌಕರರ ಕೊಬ್ಬು ಇಳಿಸುವ ಯೋಜನೆ ಅದು. ಆವಕ ಗುಮಾಸ್ತನಾದ ನಾನೇ ರುಜು ಹಾಕಿ ಇಳಿಸಿಕೊಂಡೆ.

ನಮ್ಮಲ್ಲಿ ಕೊಬ್ಬು ಇಳಿಯಲೇಬೇಕಾಗಿದ್ದದ್ದು ಹಿರಿಯ ಗುಮಾಸ್ತ ಸತ್ತಾರ್ ಸಾಬರಿಗೆ. ಮೂರು ತಿಂಗಳಲ್ಲಿ ಎಂಟು ಕೆ.ಜಿ. ಇಳಿಯದಿದ್ದರೆ ಎದೆಯ ಆಪರೇಷನ್ ತಪ್ಪದು ಎಂದು ರಾಯಚೂರಿನ ಡಾಕ್ಟರು ಹೇಳಿದ್ದರು. ಮನೆಯಲ್ಲಿ ಅವರ ಹೆಂಡತಿ ಕುಬ್ರಾ ಬೇಗಂ ಎಣ್ಣೆ ಡಬ್ಬಿಯನ್ನು ಆಗಲೇ ಬೀರುವಿನಲ್ಲಿಟ್ಟು ಕೀಲಿ ಹಾಕಿದ್ದರು. ಉಳಿದದ್ದು ಕಚೇರಿಯ ಅಡುಗೆಮನೆ. ಅಲ್ಲಿ ಹನ್ನೊಂದಕ್ಕೂ ನಾಲ್ಕಕ್ಕೂ ಎಣ್ಣೆ ಸುರಿದ ಮಂಡಾಳ ಒಗ್ಗರಣೆ, ಅಂದರೆ ಮಂಡಕ್ಕಿ, ಜೊತೆಗೆ ಮಿರ್ಚಿ ಬಜ್ಜಿ. ತಟ್ಟೆ ಎದುರಿಗೆ ಬಂದ ಮೇಲೆ ಬೇಡ ಎನ್ನುವ ಅಭ್ಯಾಸ ಸಾಬರಿಗೆ ಮೊದಲಿನಿಂದಲೂ ಇಲ್ಲ.

"ಅಂಬವ್ವಾ, ನಾಳಿಂದ ನನಗ ನವಣಿ ಅನ್ನ ಮಾಡವ್ವಾ," ಎಂದು ಅಡುಗೆಯ ಅಂಬಮ್ಮನಿಗೆ ಹೇಳಿದರು.

ಅಂಬಮ್ಮ ಚೀಲಕ್ಕೆ ಕೈ ಹಚ್ಚಿದ್ದಳಷ್ಟೆ. ಅಧೀಕ್ಷಕ ಸುಶಮೀಂದ್ರ ಅವರು ಕನ್ನಡಕ ಏರಿಸಿ, ದಿನಸಿಯ ಜೊತೆ ಬಂದಿದ್ದ ಆದೇಶ ಓದಿದರು: "'ಕಡಿಮೆ ಕೊಬ್ಬಿನ ದಿನಸಿಯು ಅಡುಗೆಮನೆಯಲ್ಲಿ ಸದಾಕಾಲ ಪೂರ್ಣ ಪ್ರಮಾಣದಲ್ಲಿ ಇರತಕ್ಕದ್ದು.' ಒಂದು ಹಿಡಿ ತಗದ್ರೂ ಪೂರ್ಣ ಉಳಿಯೂದಿಲ್ಲ."

"ಹಂಗಾರ ಉಣ್ಣೂದು ಯಾವಾಗ್ರೀ?"

"ಉಣ್ಣೂದರ ಬಗ್ಗೆ ಆದೇಶದಾಗ ಏನೂ ಇಲ್ಲವ್ವಾ."

ನಾನೂ ಎರಡು ಸಲ ಓದಿ ನೋಡಿದೆ, ಇರಲಿಲ್ಲ. ಎಣ್ಣೆಯ ಬಗ್ಗೆ ಇಂಥ ಆದೇಶ ಯಾವುದೂ ಇಲ್ಲದ್ದರಿಂದ ಅದು ಎಂದಿನಂತೆ ಖರ್ಚಾಗುತ್ತಿತ್ತು.

ಆದರೆ ಚೀಲ ಬಿಚ್ಚಲು ವಿಶೇಷ ಅನುಮತಿಗೆ ಅವಕಾಶವಿತ್ತು. ಅರ್ಜಿಗೆ ದೇವದುರ್ಗದ ಆಹಾರ ತಜ್ಞರ ಸಹಿ, ಆಮೇಲೆ ರಾಯಚೂರಿನ ಉಗ್ರಾಣಾಧಿಕಾರಿಯ ಮೊಹರು, ಆಮೇಲೆ ಮೊಹರು ಸ್ಪಷ್ಟವಾಗಿ ಬಿದ್ದಿದೆ ಎಂದು ಮತ್ತೆ ದೇವದುರ್ಗದ ದೃಢೀಕರಣ. ಸಾಬರು ಜೂನ್ ಐದರಂದು ಬೆಳಗಿನ ಬಸ್ ಹತ್ತಿದರು.

ತಜ್ಞರು ಮಂಗಳವಾರ ಮಾತ್ರ ಸಿಗುತ್ತಿದ್ದರು, ಅದೂ ಸಿಕ್ಕರೆ. ಉಗ್ರಾಣ ಕಚೇರಿಯಲ್ಲಿ ಮೊಹರು ಮೂರನೇ ಮಹಡಿಯಲ್ಲಿ, ಮಸಿ ನೆಲಮಹಡಿಯಲ್ಲಿ, ಲಿಫ್ಟು ದುರಸ್ತಿಯಲ್ಲಿ. ಬಸ್ ನಿಲ್ದಾಣದಿಂದ ಆಟೋ ಹಿಡಿಯಲು ಮಂಜೂರಾತಿ ಇಲ್ಲದ ಕಾರಣ ಸಾಬರು ನಡೆದೇ ಹೋಗುತ್ತಿದ್ದರು. ಮೂರು ತಿಂಗಳ ಈ ಓಡಾಟದಲ್ಲಿ ಹನ್ನೊಂದರ ಮಿರ್ಚಿಯ ಹೊತ್ತಿಗೆ ಅವರು ಬಸ್ಸಿನಲ್ಲಿರುತ್ತಿದ್ದರು, ನಾಲ್ಕರ ಹೊತ್ತಿಗೆ ಮೆಟ್ಟಿಲ ಮೇಲೆ.

ಸೆಪ್ಟೆಂಬರ್ ಮೊದಲ ವಾರ ಒಂದೇ ದಿನ ಎರಡು ಸಂಗತಿ ನಡೆದವು. ಒಂದು ಬಟ್ಟಲು ನವಣೆ ಬಳಸಲು ಅನುಮತಿ ಬಂತು. ಡಾಕ್ಟರು ಸಾಬರನ್ನು ತೂಗಿ, ಒಂಬತ್ತು ಕೆ.ಜಿ. ಇಳಿದಿದೆ, ಆಪರೇಷನ್ ಬೇಕಾಗಿಲ್ಲ ಎಂದರು. ನನಗೆ ನಿಜಕ್ಕೂ ಸಂತೋಷವಾಯಿತು, ಒಳ್ಳೆಯ ಮನುಷ್ಯ ಬದುಕಿದ.

ಅಧೀಕ್ಷಕರು ವರದಿ ಬರೆದರು: "ಸರಬರಾಜಾದ ದಿನಸಿಯಿಂದ ನೌಕರರೊಬ್ಬರ ಒಂಬತ್ತು ಕೆ.ಜಿ. ಕೊಬ್ಬು ಇಳಿದಿದೆ. ಖರ್ಚಾದ ದಿನಸಿ: ಇಲ್ಲ." ಜಿಲ್ಲೆಯಲ್ಲಿ ಇಂಥ ಮಿತವ್ಯಯ ಬೇರೆಲ್ಲೂ ಕಂಡಿಲ್ಲವೆಂದು ಮೇಲಿನಿಂದ ಮೆಚ್ಚುಗೆ ಪತ್ರ ಬಂತು, ಜೊತೆಗೆ ಇನ್ನೂ ಆರು ಚೀಲ.

"ಈಗರ ಒಂದು ಬಟ್ಟಲ ನವಣಿ ಕೊಡಸ್ರಿ," ಎಂದು ಸಾಬರು ಅನುಮತಿ ಪತ್ರ ಮುಂದೆ ಹಿಡಿದರು.

"ನಿಮ್ಮ ತೂಕ ಇಳದದಲ್ರೀ ಸಾಬ್ರ. ಇಳದವರಿಗೆ ಇದು ನಡಿಯೂದಿಲ್ಲ," ಎಂದು ಅಧೀಕ್ಷಕರು ಅದನ್ನು ರದ್ದು ಮಾಡಿದರು.

ಮೆಚ್ಚುಗೆ ಪತ್ರದ ಸಂಭ್ರಮಕ್ಕೆ ಅಂಬಮ್ಮ ಎರಡು ಬುಟ್ಟಿ ಮಿರ್ಚಿ ಕರಿದಳು. ಸಾಬರು ಆರು ತಿಂದರು, ಮರುದಿನವೂ ತಿಂದರು. ಹದಿನೈದು ದಿನದಲ್ಲಿ ಮೂರು ಕೆ.ಜಿ. ವಾಪಸ್ ಬಂತು. ಸಾಬರು ಗಾಬರಿಯಾಗದೆ ಹೊಸ ಅರ್ಜಿ ಬರೆದರು, ನಾನು ನಂಬರ್ ಹಾಕಿಕೊಟ್ಟೆ.

"ಈ ಸಲ ಲಗೂನ ಅನುಮತಿ ಸಿಗ್ಲಿ ಸಾಬ್ರ," ಎಂದಳು ಅಂಬಮ್ಮ.

"ಹಂಗ ಅನಬ್ಯಾಡವ್ವಾ," ಎನ್ನುತ್ತ ಸಾಬರು ಕೈಚೀಲ ಹೆಗಲಿಗೇರಿಸಿದರು. "ಲಗೂನ ಸಿಕ್ಕಬಿಟ್ರ ನನ್ನ ಗತಿ ಏನು?"

ಅವರು ದೇವದುರ್ಗದ ಬಸ್ಸಿಗೆ ಓಡಿದರು. ಅಧೀಕ್ಷಕರು ಬೆಲ್ಟನ್ನು ಒಂದು ತೂತು ಸಡಿಲಿಸಿಕೊಂಡು, ತಮಗೂ ಒಂದು ಅರ್ಜಿ ನಮೂನೆ ಕೊಡಲು ನನಗೆ ಹೇಳಿದರು.