ಓದಲು ಅವಸರವೇ ಇಲ್ಲದ ಟೇಪ್ ಡ್ರೈವ್ ಅವರಿಗೆ

ಚಾಮರಾಜಪುರಂನ ನಮ್ಮ ಹಾಡುಗಳ ಸಂಗ್ರಹಾಲಯದಲ್ಲಿ ಪೂರ್ವಾಭಿಮುಖವಾಗಿ ಆಸೀನರಾಗಿ, ಹಾಡುಗಳನ್ನು ಟೇಪಿನಲ್ಲಿ ಬರೆದಿಟ್ಟು ಬೇಕೆಂದಾಗ ಓದಿಕೊಡಬೇಕಾದ ಮಾನ್ಯ ಬ್ಯಾಕಪ್ ಟೇಪ್ ಡ್ರೈವ್ ಅವರೇ,

ತಮ್ಮ ಫ್ಯಾನು, ದೀಪ, ಕೇಬಲ್ಲುಗಳೆಲ್ಲ ಕ್ಷೇಮವೆಂದು ನಂಬಿ, ಇಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಲಹರಿ ಎಂಬ ನಾನು ಮಾಡಿಕೊಳ್ಳುವ ವಿಜ್ಞಾಪನೆ.

ತಾವು ಬರೆಯುವ ವೇಗದ ಬಗ್ಗೆ ನನ್ನದೇನೂ ತಕರಾರಿಲ್ಲ. ಕಳೆದ ದಸರೆಗೆ ಮುಂಚೆ ನಮ್ಮ ಕಾರ್ಯದರ್ಶಿ ಲಕ್ಷ್ಮೀನರಸಿಂಹ ಅವರು ಬರೀ ಸೊನ್ನೆಗಳೇ ತುಂಬಿದ ಫೈಲೊಂದನ್ನು ತಮಗೆ ಉಣಿಸಿ ವೇಗ ಅಳೆದಾಗ, ತಾವು ಅದನ್ನು ಗುಳುಂ ಮಾಡಿದ ಪರಿಗೆ ಇಡೀ ಆಫೀಸು ಚಪ್ಪಾಳೆ ತಟ್ಟಿತು. ಏನೂ ಇಲ್ಲದ್ದನ್ನು ಅಷ್ಟು ಬೇಗ ಬರೆದಿಡುವವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ. ಆ ಖುಷಿಯಲ್ಲೇ ಹಾಡುಗಳನ್ನೆಲ್ಲ ತಮಗೆ ಒಪ್ಪಿಸಿ, ಕಂಪ್ಯೂಟರಿನಲ್ಲಿದ್ದ ಮೂಲವನ್ನು ಅಳಿಸಿದೆವು. ಓದುವ ವೇಗವನ್ನೂ ಅಳೆಯೋಣವೆಂದು ನಾನು ಹೊರಡುವಷ್ಟರಲ್ಲಿ ಕಾರ್ಯದರ್ಶಿಗಳು ಟೇಪನ್ನು ಪುಸ್ತಕಗಳ ಜೊತೆ ಸರಸ್ವತಿ ಪೂಜೆಗೆ ಇಟ್ಟಾಗಿತ್ತು. ಪೂಜೆಗಿಟ್ಟಿದ್ದನ್ನು ಓದಬಾರದೆಂದು ನನ್ನನ್ನೇ ಗದರಿದರು. ಆಯುಧಪೂಜೆಯಂದು ತಮ್ಮ ಬಾಯಿಯೊಳಕ್ಕೂ ಧಾರಾಳವಾಗಿ ಕುಂಕುಮ ಬಿತ್ತು. ಹಬ್ಬ ಮುಗಿಯಿತು, ಅಳತೆ ಮರೆತೇ ಹೋಯಿತು.

ಈಗ ಬಂದಿರುವ ಪೇಚು ಇದು. ಬನ್ನಿಮಂಟಪದ ಪುಟ್ಟತಾಯಮ್ಮನವರ ಮೊಮ್ಮಗಳು ಸಿಂಚನಾಳಿಗೆ ನಾಳೆ ಮದುವೆ. ತನ್ನ ಅವ್ವ ಹಾಡುತ್ತಿದ್ದ ಸೋಬಾನೆಯನ್ನೇ ಧಾರೆಯ ಹೊತ್ತಿಗೆ ಹಾಡಬೇಕೆಂಬುದು ಈ ಅಜ್ಜಿಯ ಆಸೆ, ಆದರೆ ಕೊನೆಯ ಸಾಲು ನೆನಪಾಗುತ್ತಿಲ್ಲ. ಹಿಂದೊಮ್ಮೆ ನಮ್ಮಲ್ಲಿ ಅದನ್ನು ಹಾಡಿ ರೆಕಾರ್ಡ್ ಮಾಡಿಸಿದ್ದರಿಂದ ಬೆಳಿಗ್ಗೆಯಿಂದ ತಮ್ಮೆದುರು ಕುಳಿತಿದ್ದಾರೆ. "ಆವತ್ತು ನಿಮ್ ಡಬ್ಬಕ್ಕೆ ಹಾಡ್ಕೊಟ್ಟಿವ್ನಿ ಕಣಮ್ಮ, ಒಂದ್ ಸಾಲು ವಾಪಸ್ ಕೊಡಿ ಅಂದ್ರೆ ಇಷ್ಟೊಂದ್ ಮೀನಮೇಷವಾ?" ಎಂದು ಕೇಳಿದಾಗ ನನಗೆ ನಿಜಕ್ಕೂ ನಾಚಿಕೆಯಾಯಿತು.

ತಾವಾದರೋ ಕರ್ ಎಂದು ಒಂದಿಷ್ಟು ಮುಂದೆ ಹೋಗುತ್ತೀರಿ, ಏನೋ ಮರೆತವರಂತೆ ಹಿಂದಕ್ಕೆ ಬರುತ್ತೀರಿ. ದಸರೆಯ ಅಂಬಾರಿ ಹೊತ್ತು ಅರಮನೆಯಿಂದ ಬನ್ನಿಮಂಟಪಕ್ಕೆ ಹೊರಟ ಆನೆ ಕೂಡ ಕತ್ತಲಾಗುವುದರೊಳಗೆ ತಲುಪುತ್ತದೆ. ಆದ್ದರಿಂದ ತಾವು ದಯಮಾಡಿ ಒಬ್ಬ ಮುದುಕಿ ಹಾಡುವಷ್ಟು ವೇಗದಲ್ಲಾದರೂ ಓದಬೇಕು. ಅದೂ ಆಗದಿದ್ದರೆ, ಮುಹೂರ್ತವನ್ನು ತಮ್ಮ ಅನುಕೂಲಕ್ಕೆ ತಕ್ಕಂತೆ ಮುಂದೂಡುವಂತೆ ಪುರೋಹಿತರಿಗೆ ತಾವೇ ಖುದ್ದಾಗಿ ತಿಳಿಸಬೇಕೆಂದು ಪ್ರಾರ್ಥನೆ.

ತಮ್ಮ ಕೆಂಪು ದೀಪ ಹಸಿರಾದೀತೆಂದು ಇನ್ನೂ ನಂಬಿರುವ ವಿಶ್ವಾಸಿ,
ಲಹರಿ

ಮರೆತ ಮಾತು: ಸಹಿ ಹಾಕುತ್ತಿದ್ದಂತೆಯೇ ತಾವು ಕೃಪೆ ಮಾಡಿದಿರಿ. ಹಾಡು ಬಂತು, ಕೊನೆಯ ಸಾಲಿನವರೆಗೂ ಬಂತು. ಅಲ್ಲಿ ಪುಟ್ಟತಾಯಮ್ಮನವರ ಅಂದಿನ ದನಿ ಹೇಳಿತು: "ಕೊನೇ ಸಾಲು ಮರ್ತೋಯ್ತು ಕಣಮ್ಮ, ನೆನಪಾದಾಗ ಯೋಳ್ತೀನಿ, ಈಗ ಒಂದ್ ಲೋಟ ಕಾಪಿ ಕೊಡಿ." ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಸಿಂಚನಾಳ ಹೆಸರು ಸೇರಿಸಿ ಸ್ವತಃ ಒಂದು ಸಾಲು ಕಟ್ಟಿ ಹಾಡಿಬಿಟ್ಟರು. ಎಷ್ಟು ಚೆಂದವಿತ್ತೆಂದರೆ, ಕಾರ್ಯದರ್ಶಿಗಳು ಅದನ್ನು ಕೂಡಲೇ ತಮ್ಮ ಟೇಪಿನೊಳಗೆ ಭದ್ರಪಡಿಸಲು ಎದ್ದು ನಿಂತರು. ಪುಟ್ಟತಾಯಮ್ಮನವರು ಸೆರಗು ಸರಿಮಾಡಿಕೊಂಡು ಅಂದರು: "ಬ್ಯಾಡ ಬುಡಿ ಸ್ವಾಮಿ, ಇದು ನಂಗೆ ನಾಳೆನೇ ಬೇಕು."