ಕೆರೆ ಬಿಟ್ಟು ಚರಂಡಿ ಸೇರಿದ ನೀರುಕೋಳಿಯವರಿಗೆ

ಅಖಂಡ ಜೊಂಡುಮಂಡಲಾಧೀಶ್ವರರೂ, ಕೆಸರುಕೋಟೆಯ ಏಕಮೇವ ಒಡೆಯರೂ, ಶ್ವೇತವಕ್ಷ ವಿರಾಜಿತರೂ, ಬಾಲ ಕುಣಿಸುತ್ತಲೇ ಗಾಂಭೀರ್ಯ ಕಾಪಾಡಿಕೊಳ್ಳಬಲ್ಲ ಏಕೈಕ ಗಣ್ಯರೂ ಆದ ಮಾನ್ಯ ನೀರುಕೋಳಿಯವರ ದಿವ್ಯ ಪಾದಗಳಿಗೆ, ಅಂದರೆ ಆ ಉದ್ದುದ್ದ ಹಳದಿ ಬೆರಳುಗಳಿಗೆ, ಬಸ್ ಡಿಪೋ ಹಿಂದಿನ ಕೆರೆಯನ್ನು ಉಳಿಸಲು ಹುಟ್ಟಿಕೊಂಡ ನಮ್ಮ ಬಳಗದ ಅತಿ ಕಿರಿಯ ಸದಸ್ಯನು ದಂಡೆಯ ಮೇಲೆ ಮೊಣಕಾಲೂರಿ ಮಾಡಿಕೊಳ್ಳುವ ಅರಿಕೆ.

ಮಾನ್ಯರೇ,

ತಾವು ಮನೆ ಬಿಟ್ಟು ಇಂದಿಗೆ ಹದಿನೇಳು ದಿನವಾಯಿತು. ಹೋಗುವವರು ಒಂದು ಮಾತು ಹೇಳಿ ಹೋಗುವುದು ವಾಡಿಕೆ. ತಮ್ಮಂಥ ದೊಡ್ಡವರಿಗೆ ಅದನ್ನು ನೆನಪಿಸುವಷ್ಟು ದೊಡ್ಡವನು ನಾನಲ್ಲವಾದ್ದರಿಂದ ಆ ವಿಷಯವನ್ನು ಇಲ್ಲಿಗೇ ಬಿಟ್ಟು, ಇದೇ ಪತ್ರದಲ್ಲಿ ಮತ್ತೊಮ್ಮೆ ಎತ್ತುತ್ತೇನೆ.

ತಮಗೆ ತಿಳಿದಿರುವಂತೆ, ಪುರಸಭೆಯ ಇಂಜಿನಿಯರ್ ಸಾಹೇಬರು ಈ ಕೆರೆಯನ್ನು ಮುಚ್ಚಿ ವಾಹನ ನಿಲ್ಲಿಸುವ ಜಾಗ ಮಾಡಲು ಹೊರಟಾಗ, ನಿವೃತ್ತ ವಿಜ್ಞಾನ ಶಿಕ್ಷಕಿಯೂ ಬಳಗದ ಅಧ್ಯಕ್ಷೆಯೂ ನನ್ನ ಸೋದರತ್ತೆಯೂ ಆದವರು ಅವರ ಮೇಜಿನ ಮುಂದೆ ಹೋಗಿ ಕೂತರು. "ಕೆಸರು ಬಿಟ್ರೆ ಅಲ್ಲೇನಿದೆ ಮೇಡಂ?" ಎಂದು ಸಾಹೇಬರು ಕೇಳಿದ್ದಕ್ಕೆ "ನೀರುಕೋಳಿ ಇದೆ, ಅಲ್ಲೇ ಮರಿ ಮಾಡುತ್ತೆ" ಎಂದರು ಅತ್ತೆ. "ಸರಿ, ಮುಂದಿನ ತಿಂಗಳು ಮೊದಲ ಗುರುವಾರ ಬರ್ತೀನಿ, ತೋರಿಸಿ. ಕಂಡ್ರೆ ಕೆರೆ ಇರ್ಲಿ, ಇಲ್ದಿದ್ರೆ ಮಾರನೇ ದಿನಾನೇ ಮಣ್ಣಿನ ಲಾರಿ" ಎಂದರು ಸಾಹೇಬರು. ಆ ಗುರುವಾರ ನಾಡಿದ್ದೇ ಬರುತ್ತಿದೆ, ತಾವು ಮಾತ್ರ ಇಲ್ಲ.

ತಮ್ಮ ಗೌರವಾರ್ಥ ನಾವು ಏನು ಕಡಿಮೆ ಮಾಡಿದ್ದೆವು? ಅತ್ತೆ "ಕೆರೆ ಸ್ವಲ್ಪ ಚೊಕ್ಕಟ ಮಾಡೋಣ, ಪ್ಲಾಸ್ಟಿಕ್ ಆರಿಸಿದರೆ ಸಾಕು" ಎಂದು ಹೇಳಿ ಶಾಲೆಯವರನ್ನು ಕರೆಯಲು ಹೋಗಿ ಬರುವಷ್ಟರಲ್ಲಿ, ಕ್ಷೌರಿಕರು, ಕಂಡಕ್ಟರು, ದರ್ಜಿ, ಅವರವರ ಭಾವಮೈದುನರು ಸೇರಿ ಅರವತ್ತು ಮಂದಿ ಹುಮ್ಮಸ್ಸಿನಿಂದ ಪ್ಲಾಸ್ಟಿಕ್ಕಿನ ಜೊತೆಗೆ ಜೊಂಡನ್ನೂ, ಜೊಂಡಿನ ಜೊತೆಗೆ ಬಳ್ಳಿಯನ್ನೂ, ಬಳ್ಳಿಯ ಜೊತೆಗೆ ಕಪ್ಪೆಗಳನ್ನೂ ತೆರವುಗೊಳಿಸಿ, ಕೆರೆಗೆ ಮದುವೆ ಗಂಡಿನ ಕೆನ್ನೆಯಂಥ ನುಣುಪು ತಂದರು. ಕ್ಷೌರಿಕರ ಮುಂದಾಳತ್ವವಿದ್ದ ಮೇಲೆ ಬೇರೇನಾಗಬೇಕು? ಕಲ್ಲುಗಳಿಗೆ ಸುಣ್ಣ ಬಳಿದೆವು. ಸಿಮೆಂಟ್ ಬೆಂಚು ಹಾಕಿದೆವು. ಹಕ್ಕಿಗಳಿಗೆ ನೆಮ್ಮದಿ ಬೇಕು ಎಂಬ ಸಂದೇಶವನ್ನು ಇಡೀ ದಿನ ಮೈಕಿನಲ್ಲಿ ಸಾರಿದೆವು. ತಮ್ಮ ಭಾವಚಿತ್ರವುಳ್ಳ ಎಂಟಡಿ ತಗಡಿನ ಫಲಕವನ್ನೂ ನಿಲ್ಲಿಸಿದೆವು. ಅದನ್ನು ಬರೆದ ಕಲಾವಿದರು ಹುಟ್ಟಾ ಹೋಟೆಲ್ ಬೋರ್ಡಿನವರಾದ ಕಾರಣ, ಅಭ್ಯಾಸಬಲದಿಂದ ತಮ್ಮ ಕೊಕ್ಕಿನ ಕೆಳಗೆ 'ಪಾರ್ಸೆಲ್ ಸೌಲಭ್ಯವಿದೆ' ಎಂದು ಬರೆದದ್ದು ನಿಜ. ಅದರ ಮೇಲೆ ಎರಡು ಕೋಟು ಬಣ್ಣ ಹೊಡೆಸಿದ್ದೇವೆ, ಬಿಸಿಲಲ್ಲಿ ಮಾತ್ರ ಕಾಣುತ್ತದೆ.

ಇಷ್ಟು ಮಾಡಿದ ಮಾರನೆಯ ಬೆಳಿಗ್ಗೆ, ಒಂದು ಮಾತೂ ಹೇಳದೆ, ತಾವು ನಾಪತ್ತೆ. ಅದೇ ದಿನ ನಲವತ್ತು ಮಕ್ಕಳು ಪರಿಸರ ಪಾಠಕ್ಕೆ ಬಂದು ಸುಣ್ಣದ ಕಲ್ಲುಗಳ ಮೇಲೆ ಸಾಲಾಗಿ ಕೂತರು. "ಹಕ್ಕಿ ಎಲ್ಲಿ ಟೀಚರ್?" ಎಂದು ಒಂದು ಮಗು ಕೇಳಿದಾಗ ಅವರ ಟೀಚರ್ ಫಲಕದ ಕಡೆ ಕೈ ತೋರಿಸಿದರು. ಪರಿಣಾಮವಾಗಿ, ನೀರುಕೋಳಿಯು ತಗಡಿನ ಮೇಲೆ ವಾಸಿಸುತ್ತದೆ, ಎಂಟು ಅಡಿ ಎತ್ತರವಿರುತ್ತದೆ, ಅಲ್ಲಾಡುವುದಿಲ್ಲ ಎಂದು ನಲವತ್ತು ನೋಟ್‌ಬುಕ್ಕುಗಳಲ್ಲಿ ದಾಖಲಾಗಿದೆ. ಅತ್ತೆ ಅವನ್ನೆಲ್ಲ ತಿದ್ದಲು ಕೂತವರು, ಹತ್ತನೆಯದಕ್ಕೆ ಪೆನ್ನು ಕೆಳಗಿಟ್ಟರು.

ತಾವೀಗ ಡಿಪೋದ ಗ್ಯಾರೇಜ್ ಹಿಂದಿನ ಚರಂಡಿಯಲ್ಲಿ ಬಿಡಾರ ಹೂಡಿರುವುದು ಮೆಕ್ಯಾನಿಕ್ ಅಣ್ಣನಿಂದ ತಿಳಿಯಿತು. "ಆರಾಮಾಗಿದೆ ಕಣೋ, ಮೂರು ಮರಿ ಬೇರೆ. ನಿಮ್ಮ ಬೆಂಚಿಗಿಂತ ನಮ್ಮ ಕಳೆನೇ ವಾಸಿ ಅನ್ಸಿರ್ಬೇಕು" ಎಂದು ಅವರು ನಕ್ಕಾಗ ನಮ್ಮ ಬಳಗದ ಮಾನ ಎಲ್ಲಿ ಹೋಗಿರಬೇಡ? ಅಲ್ಲಿ ಬೆಂಚಿಲ್ಲ, ಫಲಕವಿಲ್ಲ, ಮೈಕಿಲ್ಲ, ತಮ್ಮನ್ನು ಪ್ರೀತಿಸುವ ಒಬ್ಬರೂ ಇಲ್ಲ. ಅಂಥ ಕಡೆ ಸಂಸಾರ ಹೂಡಿದ ತಮ್ಮ ಸರಳತೆಗೆ ನಾನು ತಲೆಬಾಗುತ್ತೇನೆ.

ಆದ್ದರಿಂದ ತಾವು ಗುರುವಾರ ಬೆಳಿಗ್ಗೆ ಹತ್ತೂವರೆಗೆ ಸರಿಯಾಗಿ, ಚಿತ್ರಕ್ಕೂ ತಮಗೂ ಹೋಲಿಕೆ ಸಾಹೇಬರಿಗೆ ತಟ್ಟನೆ ಹೊಳೆಯುವಂತೆ ಎದೆಯುಬ್ಬಿಸಿಕೊಂಡು, ಮರಿಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿಕೊಂಡು, ಫಲಕದ ಎಡಬದಿಗೆ ದಯಮಾಡಿಸಬೇಕು. ಹಾಜರಿ ಪುಸ್ತಕದಲ್ಲಿ ಕಾಲೊತ್ತಬೇಕು. ಸಾಹೇಬರು ತಡವಾಗಿ ಬಂದರೆ, ಅವರು ಬಂದೇ ಬರುತ್ತಾರೆ ತಡವಾಗಿ, ಬೇಸರಿಸಬಾರದು. ಎಂಟಡಿ ಬೆಳೆದು ಬಂದರೆ ಮಕ್ಕಳ ನೋಟ್‌ಬುಕ್ಕನ್ನು ತಿದ್ದುವ ಕೆಲಸವೂ ತಪ್ಪುತ್ತದೆ.

ಅತ್ತೆ ನಾಲ್ಕು ದಿನದಿಂದ ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಗ್ಯಾರೇಜ್ ಹಿಂದಿನಿಂದ ತಂದ ಜೊಂಡಿನ ಬುಡಗಳನ್ನು ಒಂದೊಂದಾಗಿ ನೆಡುತ್ತಿದ್ದಾರೆ. ಯಾರ ಮೇಲೂ ರೇಗಿಲ್ಲ. ರೇಗಿದ್ದರೆ ಚೆನ್ನಾಗಿತ್ತು.

ತಮ್ಮ ಬರವನ್ನು ಸುಣ್ಣದ ಕಲ್ಲಿನ ಮೇಲೆ ಕೂತು ಕಾಯುವ, ಪ್ಯಾಂಟಿನ ಹಿಂದೆ ಬೆಳ್ಳಗಾದ

ತಮ್ಮ ವಿಶ್ವಾಸಿ

ವಿ.ಸೂ.: ಈ ಪತ್ರವನ್ನು ಫಲಕಕ್ಕೇ ಅಂಟಿಸುತ್ತಿದ್ದೇನೆ. ತಮಗೆ ಓದಲು ಬಾರದಿದ್ದರೆ ಚಿಂತೆಯಿಲ್ಲ, 'ಗಿಡ ಕೀಳಬಾರದು' ಎಂಬ ಫಲಕ ನೆಡಲು ಗಿಡ ಕಿತ್ತ ನಮ್ಮ ಬಳಗಕ್ಕಿಂತ ತಾವೇನೂ ಹಿಂದುಳಿದವರಲ್ಲ. ಅತ್ತೆಗೆ ಕನ್ನಡಕವಿಲ್ಲದೆ ಸಣ್ಣಕ್ಷರ ಕಾಣುವುದಿಲ್ಲ, ಕನ್ನಡಕ ಕೆಸರಿಗೆ ಬೀಳುತ್ತದೆಂದು ಮನೆಯಲ್ಲೇ ಇಟ್ಟು ಬರುತ್ತಾರೆ. ಆದ್ದರಿಂದ ಮುಂದಿನದು ಸಣ್ಣಕ್ಷರದಲ್ಲಿ. ಕೆರೆ ಚೊಕ್ಕಟ ಮಾಡಿದ ದಿನ, ಶಾಲೆಗೆ ಹೊರಡುವ ಮುನ್ನ ಅತ್ತೆ ಒಂದು ಜೊಂಡಿನ ಗುಂಪಿಗೆ ಕೆಂಪು ರಿಬ್ಬನ್ ಕಟ್ಟಿ ಹೋಗಿದ್ದರು. ಅದು 'ಇದನ್ನು ಮುಟ್ಟಬೇಡಿ' ಎಂಬ ಗುರುತಂತೆ. ನಾನು 'ಮೊದಲು ಇದನ್ನೇ' ಎಂದುಕೊಂಡು, ಎಲ್ಲರಿಗಿಂತ ಮುಂಚೆ ಕಿತ್ತು, ಚಪ್ಪಾಳೆಯನ್ನೂ ಗಿಟ್ಟಿಸಿದೆ. ಬುಡದಲ್ಲಿ ಗೂಡಿತ್ತು, ಖಾಲಿಯಿತ್ತು, ಎರಡೆರಡು ಸಲ ನೋಡಿದೆ. ಅದು ನನ್ನ ಮಂಚದ ಕೆಳಗೆ ಬೂಟಿನ ಡಬ್ಬಿಯಲ್ಲಿ ಜೋಪಾನವಾಗಿದೆ. ತಾವು ಬಂದರೆ ಕೊಡುತ್ತೇನೆ, ಬರದಿದ್ದರೆ ಅತ್ತೆಗೆ ಕೊಡಬೇಕಾಗುತ್ತದೆ. ದಯವಿಟ್ಟು ಬನ್ನಿ.