ಬಿಸಿನೀರಿನ ತೊಟ್ಟಿಯಲ್ಲಿ ಚಲಾವಣೆಯಾದ ಹೆಚ್ಚುವರಿ ಮತಗಳು

ಸೆಲ್ವಿಕ್ ಪುರಸಭೆ, ಐಸ್‌ಲ್ಯಾಂಡ್
ಈಜುಕೊಳ ಹಾಗೂ ಸಾರ್ವಜನಿಕ ಸ್ನಾನ ವಿಭಾಗ

ಸಂಖ್ಯೆ: ಈಸ್ನಾ/ಬಿನೀತೊ/ರಾಚು/೧೭
ದಿನಾಂಕ: ಸೆಪ್ಟೆಂಬರ್ ೯

ಸುತ್ತೋಲೆ

ವಿಷಯ: ರಾಷ್ಟ್ರಾಧ್ಯಕ್ಷರ ಚುನಾವಣೆಯ ತರುವಾಯ ಬಿಸಿನೀರಿನ ತೊಟ್ಟಿಯಲ್ಲಿ ಉಂಟಾಗಿರುವ ಮೌನದ ನಿವಾರಣೆ ಬಗ್ಗೆ.

ಉಲ್ಲೇಖ: (೧) ಇದೇ ವಿಭಾಗದ ಹಿಂದಿನ ಸುತ್ತೋಲೆ, ‘ತೊಟ್ಟಿಯಲ್ಲಿ ಮಾತು ಕಡಿಮೆ ಮಾಡುವ ಬಗ್ಗೆ’ (ವಿಷಾದದೊಂದಿಗೆ ರದ್ದು).
(೨) ಶ್ರೀ ಸ್ತೇನಾರ್ ಅವರ ಮೌಖಿಕ ದೂರು, ಟವೆಲ್ ಸುತ್ತಿಕೊಂಡು ನೀಡಿದ್ದು.

ಈ ಊರಿನ ಈಜುಕೊಳದ ಪಕ್ಕದ ಬಿಸಿನೀರಿನ ತೊಟ್ಟಿಯಲ್ಲಿ ದಿನಾ ಬೆಳಿಗ್ಗೆ ಕುತ್ತಿಗೆಯವರೆಗೆ ಮುಳುಗಿ ಕುಳಿತು ದೇಶದ ಆಡಳಿತವನ್ನು ತಿದ್ದುವ ಹನ್ನೊಂದು ಮಂದಿ ಕಾಯಂ ಸ್ನಾನಾರ್ಥಿಗಳಿರುವುದು ಸರಿಯಷ್ಟೆ. ಹಿಂದಿನ ರಾಷ್ಟ್ರಾಧ್ಯಕ್ಷರು ತಾವು ಮತ್ತೆ ಸ್ಪರ್ಧಿಸುವುದಿಲ್ಲವೆಂದು ಕಳೆದ ಚಳಿಗಾಲದಲ್ಲಿ ಘೋಷಿಸಿದ ಮರುದಿನ, ಈ ಹನ್ನೊಂದರಲ್ಲಿ ಒಬ್ಬರಾದ ನಿವೃತ್ತ ವಾಹನ ಚಾಲನಾ ಶಿಕ್ಷಕಿ ಶ್ರೀಮತಿ ಯೋರುನ್ ಅವರು, ಈ ದೇಶದಲ್ಲಿ ಒಬ್ಬರಿಗೂ ಸರ್ಕಲ್‌ನಲ್ಲಿ ಇಂಡಿಕೇಟರ್ ಹಾಕಲು ಬರುವುದಿಲ್ಲವೆಂದು ಎಂದಿನಂತೆ ಅಭಿಪ್ರಾಯಪಟ್ಟರು. ಅದಕ್ಕೆ ಮೀನುಹಡಗಿನ ನಿವೃತ್ತ ಎಂಜಿನಿಯರ್ ಶ್ರೀ ಸ್ತೇನಾರ್ ಅವರು ಕಣ್ಣನ್ನೂ ತೆರೆಯದೆ, “ಹಾಗಾದ್ರೆ ನೀನೇ ನಿಂತ್ಕೊಳ್ಳೆ ಮಾರಾಯ್ತಿ. ಇಡೀ ದೇಶಕ್ಕೆ ಡ್ರೈವಿಂಗ್ ಹೇಳ್ಕೊಡು” ಎಂದರೆಂದು ತಿಳಿದುಬಂದಿದೆ. ಅಂಚೆ ಕಚೇರಿಯ ಶ್ರೀಮತಿ ಎಬ್ಬಾ ಅವರು, “ನಿಂತ್ಕೊ ಕಣೆ, ನಾವೆಲ್ಲ ಇದ್ದೀವಲ್ಲ” ಎಂದು ಸೇರಿಸಿದರು. ‘ನಾವೆಲ್ಲ’ ಎಂಬ ಪದದ ವ್ಯಾಪ್ತಿಯನ್ನು ಆ ಸಮಯದಲ್ಲಿ ಯಾರೂ ಸ್ಪಷ್ಟಪಡಿಸಲಿಲ್ಲ.

ಶ್ರೀಮತಿ ಯೋರುನ್ ಅವರು ನಿಂತೇಬಿಟ್ಟರು. ಪ್ರಾಂತ್ಯದ ಅರ್ಧ ಜನ ಅವರ ಪಕ್ಕದ ಸೀಟಿನಲ್ಲಿ ಕುಳಿತು ಬೈಸಿಕೊಂಡೇ ಕಾರು ಕಲಿತವರಾದ್ದರಿಂದ, ನಾಮಪತ್ರಕ್ಕೆ ಬೇಕಾದ ಸಹಿಗಳನ್ನು ಅವರು ಕೇಳುವ ಮೊದಲೇ ಹಾಕಿಕೊಟ್ಟರು. ಟಿ.ವಿ. ಚರ್ಚೆಯಲ್ಲಿ ಉಳಿದ ಅಭ್ಯರ್ಥಿಗಳು ರಾಷ್ಟ್ರದ ಆತ್ಮದ ಬಗ್ಗೆ ಮಾತಾಡಿದರೆ ಇವರು, “ಮೊದಲು ಕನ್ನಡಿ ನೋಡ್ಕೋಬೇಕು. ಹಿಂದೆ ಯಾರು ಬರ್ತಿದ್ದಾರೆ ಅಂತ ಗೊತ್ತಿಲ್ದೆ ಗಾಡಿ ತಿರುಗಿಸೋರಿಗೆ ದೇಶ ಯಾಕ್ರೀ ಕೊಡ್ಬೇಕು?” ಎಂದು ಕೇಳಿದರು. ಇಡೀ ಊರು ಹೆಮ್ಮೆಪಟ್ಟಿತು. ಹೆಮ್ಮೆಗೂ ಮತಕ್ಕೂ ಕಾನೂನಿನಲ್ಲಿ ಯಾವುದೇ ಸಂಬಂಧ ಕಲ್ಪಿಸಿರುವುದಿಲ್ಲ.

ಫಲಿತಾಂಶ ಬಂದಾಗ, ಜ್ವಾಲಾಮುಖಿಗಳ ಅಧ್ಯಯನ ಮಾಡಿದ ಮಹಿಳೆಯೊಬ್ಬರು ಭಾರೀ ಅಂತರದಿಂದ ರಾಷ್ಟ್ರಾಧ್ಯಕ್ಷರಾದರು. ಶ್ರೀಮತಿ ಯೋರುನ್ ಅವರಿಗೆ ಇಡೀ ವಾಯುವ್ಯ ಮತಕ್ಷೇತ್ರದಲ್ಲಿ ಏಳು ಮತಗಳು ಬಂದವು.

ಮರುದಿನ ಬೆಳಿಗ್ಗೆ ಅವರು ತೊಟ್ಟಿಗೆ ಇಳಿದೊಡನೆ ಶ್ರೀಮತಿ ಎಬ್ಬಾ ಅವರು, “ನನ್ನ ಓಟು ನಿಂಗೇ ಕಣೆ” ಎಂದರು. ಶ್ರೀ ಸ್ತೇನಾರ್ ಅವರು, “ನಂದೂ, ನನ್ನ ಹೆಂಡ್ತೀದೂ, ಅಳಿಯಂದೂ” ಎಂದರು. ಹೀಗೆ ತೊಟ್ಟಿಯ ಸುತ್ತ ಮತಗಳು ಏರುತ್ತ ಹೋಗಿ, ಶ್ರೀಮತಿ ಯೋರುನ್ ಅವರಿಗೆ ಇಪ್ಪತ್ತಕ್ಕೂ ಮಿಕ್ಕಿ ಮತಗಳು ಸಂದವು. ಅವರು ಒಬ್ಬೊಬ್ಬರ ಮುಖವನ್ನೂ ನೋಡಿ, ಮೇಲೆದ್ದು, ಟವೆಲ್ ಹೊದ್ದು ಹೊರಟುಹೋದರು. ಅಂದಿನಿಂದ ಬೇಸಿಗೆಯಿಡೀ ಅವರು ಇತ್ತ ಬಂದಿರುವುದಿಲ್ಲ. ಶ್ರೀಮತಿ ಎಬ್ಬಾ ಅವರು ಕ್ಲೇನಾ ಎಂಬ ಕರಿದ ಸಿಹಿತಿಂಡಿಗಳನ್ನು ಅವರ ಮನೆಗೆ ಒಯ್ದಾಗ ಬಾಗಿಲು ಒಂದಿಷ್ಟೇ ತೆರೆದು, “ನಂಗೆ ನಿಮ್ಮ ಮುಖ ನೋಡೋಕಾಗಲ್ಲ” ಎಂದು, ಕ್ಲೇನಾಗಳನ್ನು ತೆಗೆದುಕೊಂಡು ಬಾಗಿಲು ಹಾಕಿದರು. ಅವರಿಗೆ ಕೂಡುವ ಲೆಕ್ಕ ಬರುತ್ತದೆಂಬುದು ಇದರಿಂದ ದೃಢಪಟ್ಟಿತು.

ತೊಟ್ಟಿಯಲ್ಲಿ ಮಾತು ನಿಂತಿದೆ. ಶ್ರೀ ಸ್ತೇನಾರ್ ಅವರ ದೂರಿನ ಸಾರಾಂಶ: “ಮಾತಿಲ್ದೆ ಬಿಸಿನೀರಲ್ಲಿ ಕೂತ್ರೆ ಅದು ಸ್ನಾನ ಅಲ್ಲ, ಆಲೂಗಡ್ಡೆ ಬೇಯಿಸೋದು.” ವಿಭಾಗವು ಇದನ್ನು ಗಂಭೀರವಾಗಿ ಪರಿಗಣಿಸಿ, ಸ್ನಾನಾರ್ಥಿಗಳಿಗೆ ಈ ಕೆಳಕಂಡಂತೆ ಸೂಚಿಸಿದೆ:

೧. ನಲವತ್ತು ಡಿಗ್ರಿಗೆ ಮೇಲ್ಪಟ್ಟ ನೀರಿನಲ್ಲಿ ಯಾರೂ ಯಾರನ್ನೂ ರಾಷ್ಟ್ರಾಧ್ಯಕ್ಷ ಹುದ್ದೆಗೆ ಹುರಿದುಂಬಿಸತಕ್ಕದ್ದಲ್ಲ. ಅನಿವಾರ್ಯವಾದಲ್ಲಿ, ಹುರಿದುಂಬಿಸುವವರು ಮೊದಲು ತಣ್ಣೀರಿನ ತೊಟ್ಟಿಗೆ ಇಳಿದು, ಅಲ್ಲಿಯೂ ತಮ್ಮ ಅಭಿಪ್ರಾಯ ಬದಲಾಗಿಲ್ಲವೆಂಬುದನ್ನು ಖಾತ್ರಿಪಡಿಸಿಕೊಳ್ಳತಕ್ಕದ್ದು.

೨. ‘ನಾವೆಲ್ಲ ಇದ್ದೀವಲ್ಲ’ ಎಂದವರು ಒಬ್ಬರೇ ಇರುವರೆಂದು ಭಾವಿಸತಕ್ಕದ್ದು. ಉಳಿದವರು ಇದ್ದಲ್ಲಿ ನೀರಿನಿಂದ ಕೈಯೆತ್ತಿ ತೋರಿಸುವುದು. ಬೆರಳು ಮಾತ್ರ ಮೇಲೆ ಬಂದರೆ ಅದನ್ನು ಕೈಯೆಂದು ಪರಿಗಣಿಸಲಾಗುವುದಿಲ್ಲ.

೩. ಮತ ಗುಪ್ತವಾಗಿರುವುದರಿಂದ ಯಾರ ಹೇಳಿಕೆಯನ್ನೂ ಅಲ್ಲಗಳೆಯುವ ಅಧಿಕಾರ ಈ ವಿಭಾಗಕ್ಕಿಲ್ಲ. ಆದಕಾರಣ, ಏಳಕ್ಕಿಂತ ಹೆಚ್ಚಾದ ಎಲ್ಲ ಮತಗಳನ್ನು ‘ಮನಸಾ ಚಲಾಯಿಸಿದ ಮತ’ಗಳೆಂದು ವರ್ಗೀಕರಿಸಲಾಗಿದೆ. ಇವು ರಾಜಧಾನಿಯಲ್ಲಿ ನಡೆಯುವುದಿಲ್ಲ. ತೊಟ್ಟಿಯ ಗೋಡೆಯೊಳಗೆ ಮಾತ್ರ ಚಾಲ್ತಿಯಲ್ಲಿರುತ್ತವೆ.

೪. ತೀರಿಕೊಂಡವರ ಪರವಾಗಿ ಮತ ಘೋಷಿಸುವಂತಿಲ್ಲ. ‘ಅಮ್ಮ ಬದುಕಿದ್ದಿದ್ರೆ ನಿಂಗೇ ಹಾಕ್ತಿದ್ಲು’ ಎಂಬ ಹೇಳಿಕೆಗೆ ಅರ್ಧ ಮತ.

೫. ಮತ ಹಾಕಿರುವುದಾಗಿ ಹೇಳುವಾಗ ಬಾಯಿ ನೀರಿನ ಮೇಲಿರತಕ್ಕದ್ದು. ಗುಳ್ಳೆಗಳ ರೂಪದ ಹೇಳಿಕೆಗಳನ್ನು ಸ್ವೀಕರಿಸಲಾಗುವುದಿಲ್ಲ.

೬. ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಮತ ಪಡೆದ ನೂತನ ರಾಷ್ಟ್ರಾಧ್ಯಕ್ಷರಿಗೆ ಈ ಊರಿನಲ್ಲಿ ಒಬ್ಬರೂ ಮತ ಹಾಕಿಲ್ಲವೆಂಬುದು ವಿಚಾರಣೆಯಿಂದ ಕಂಡುಬಂದಿದೆ. ಆದಾಗ್ಯೂ ಅವರ ಗೆಲುವಿನಿಂದ ಗುಟ್ಟಾಗಿ ಸಂತೋಷವಾಗಿರುವವರು ಮಕ್ಕಳ ಕೊಳದ ಜಾರುಬಂಡೆಯಲ್ಲಿ ಒಮ್ಮೆ ಜಾರಬಹುದು. ಕೂಗುವಂತಿಲ್ಲ.

೭. ತೊಟ್ಟಿಯ ಮೂಲೆಯಲ್ಲಿ ನೀರು ಚಿಮ್ಮುವ ಕಡೆ ಶ್ರೀಮತಿ ಯೋರುನ್ ಅವರ ಜಾಗವಿದ್ದು, ಅದನ್ನು ಖಾಲಿ ಇಡತಕ್ಕದ್ದು. ಜುಲೈನಲ್ಲಿ ಜರ್ಮನ್ ಪ್ರವಾಸಿಯೊಬ್ಬರು ತಿಳಿಯದೆ ಅಲ್ಲಿ ಕುಳಿತಾಗ ಹತ್ತು ಮಂದಿ ಅವರನ್ನೇ ನೋಡುತ್ತ ಕುಳಿತಿದ್ದರಿಂದ, ಅವರು ಕ್ಷಮೆ ಕೇಳಿ ಊರನ್ನೇ ಬಿಟ್ಟು ಹೋಗಿರುತ್ತಾರೆ. ಇಂಥ ಸಂದರ್ಭದಲ್ಲಿ ಒಂದು ಮಾತು ಹೇಳಿದರೆ ಸಾಕು.

ಸೇರ್ಪಡೆ

ಮೇಲಿನ ನಿಯಮಗಳನ್ನು ಫಲಕಕ್ಕೆ ಅಂಟಿಸುತ್ತಿರುವಾಗಲೇ, ಹಿಮ ಬೆರೆತ ಮಳೆಯಲ್ಲಿ, ಶ್ರೀಮತಿ ಯೋರುನ್ ಅವರು ಸ್ನಾನದ ಉಡುಪಿನಲ್ಲಿ ಬಂದು ನಿಂತು, ನಡುಗುತ್ತ ಏಳೂ ನಿಯಮಗಳನ್ನು ಓದಿದರು. ನಂತರ ತೊಟ್ಟಿಗೆ ಇಳಿದು ತಮ್ಮ ಜಾಗದಲ್ಲಿ ಕುಳಿತರು. ಮುಂದಿನದನ್ನು ಕೇಳಿಸಿದಂತೆಯೇ ದಾಖಲಿಸಲಾಗಿದೆ.

“ನಾನು ಮುನಿಸ್ಕೊಂಡಿದ್ದೀನಿ ಅಂದ್ಕೊಂಡ್ರಾ?” ಎಂದು ಅವರು ಕೇಳಿದರು. “ನಾಚಿಕೆ ಆಗಿ ಬರ್ಲಿಲ್ಲ ಕಣ್ರೋ. ನೀವೆಲ್ಲ ಒಬ್ಬೊಬ್ರಾಗಿ, ನಿಂಗೇ ಹಾಕ್ದೆ, ನಿಂಗೇ ಹಾಕ್ದೆ ಅಂತೀರಿ. ನಾನೇ ನಂಗೆ ಹಾಕಿಲ್ಲ.”

ಶ್ರೀ ಸ್ತೇನಾರ್ ಅವರು ಕಣ್ಣು ತೆರೆದರು. “ಯಾಕೆ?”

“ಪರದೆ ಹಿಂದೆ ಹೋಗಿ ಪೆನ್ಸಿಲ್ ಹಿಡ್ಕೊಂಡ ಕೂಡ್ಲೇ ಯೋಚ್ನೆ ಬಂತು. ಅಕಸ್ಮಾತ್ ಗೆದ್ದುಬಿಟ್ರೆ? ಬೆಸ್ಸಸ್ತಾದಿರ್‌ನಲ್ಲಿರೋ ರಾಷ್ಟ್ರಾಧ್ಯಕ್ಷರ ಆ ದೊಡ್ಡ ಬಿಳೀ ಮನೇಲಿ ಬೆಳಿಗ್ಗೆ ಎದ್ದು ಯಾರ ಹತ್ರ ಜಗಳ ಆಡ್ಲಿ? ಅಲ್ಲಿ ಎಲ್ರೂ ಹೌದು ಮೇಡಂ ಅಂತಾರೆ. ಆ ಜ್ವಾಲಾಮುಖಿ ಹೆಂಗಸಿಗೆ ಹಾಕಿ ಬಂದ್ಬಿಟ್ಟೆ.”

ಶ್ರೀಮತಿ ಎಬ್ಬಾ ಅವರು ನೀರನ್ನು ನೋಡುತ್ತ, “ನಾನೂ ಅವಳಿಗೇ ಹಾಕಿದ್ದು” ಎಂದರು. ಪಕ್ಕದವರು “ನಾನೂ” ಎಂದರು. ಅವರ ಪಕ್ಕದವರೂ ಅದನ್ನೇ ಹೇಳಿದರು. ಕೊನೆಗೆ ಶ್ರೀ ಸ್ತೇನಾರ್ ಅವರು, “ನನ್ನ ಅಳಿಯ ಮಾತ್ರ ಸತ್ಯವಾಗ್ಲೂ ನಿಂಗೇ ಹಾಕಿದ್ದು. ಮೂರು ಸಲ ಕಾರಿಂದ ಇಳಿಸಿದ್ದೆಯಲ್ಲ, ಅವನಿಗೆ ಇನ್ನೂ ನಿನ್ನ ಕಂಡ್ರೆ ಭಯ” ಎಂದರು.

ಶ್ರೀಮತಿ ಯೋರುನ್ ಅವರು ಮೊದಲು ನಕ್ಕರು. ಆಮೇಲೆ ನಕ್ಕವರ ಕಾರಣದಿಂದ ತೊಟ್ಟಿಯ ನೀರು ಹೊರಚೆಲ್ಲಿ, ಮತ್ತೆ ತುಂಬಿಸಬೇಕಾಯಿತು. ತರುವಾಯ ಅವರು ಎಬ್ಬಾ ಅವರ ಕೈಹಿಡಿದು, “ಕ್ಲೇನಾಕ್ಕೆ ಏಲಕ್ಕಿ ಕಮ್ಮಿ ಆಗಿತ್ತು” ಎಂದು ತಿಳಿಸಿದರು. ಇದರ ಬಗ್ಗೆ ಮಧ್ಯಾಹ್ನದವರೆಗೆ ವಾದ ನಡೆಯಿತು.

ಆದ ಪ್ರಯುಕ್ತ, ಒಂದರಿಂದ ಏಳರವರೆಗಿನ ನಿಯಮಗಳನ್ನು ಜಾರಿಗೆ ಬರುವ ಮುನ್ನವೇ ಹಿಂಪಡೆಯಲಾಗಿದೆ. ಫಲಕದ ಅಂಟು ಬಿಡದಿರುವುದರಿಂದ ಕಾಗದ ಹಾಗೆಯೇ ಇರುತ್ತದೆ, ಓದತಕ್ಕದ್ದಲ್ಲ.

ಸಹಿ/- (ಒದ್ದೆ)
ಕೋಲ್ಬೇನ್
ಪ್ರಭಾರ ಮೇಲ್ವಿಚಾರಕರು, ಈಜುಕೊಳ ಹಾಗೂ ಸಾರ್ವಜನಿಕ ಸ್ನಾನ ವಿಭಾಗ

ಪ್ರತಿಗಳು:
೧. ಮಾನ್ಯ ರಾಷ್ಟ್ರಾಧ್ಯಕ್ಷರಿಗೆ, ಮಾಹಿತಿಗಾಗಿ. ಈ ಕಡೆ ಬಂದಾಗ ಮೂಲೆಯ ಜಾಗ ಬಿಟ್ಟು ಎಲ್ಲಿ ಬೇಕಾದರೂ ಕುಳಿತುಕೊಳ್ಳಬಹುದು.
೨. ಜರ್ಮನ್ ರಾಯಭಾರ ಕಚೇರಿಗೆ, ಸದರಿ ಪ್ರವಾಸಿಯನ್ನು ಪತ್ತೆಮಾಡಿ ವಾಪಸು ಕಳುಹಿಸುವ ಕೋರಿಕೆಯೊಂದಿಗೆ.
೩. ನೀರು ಬಿಸಿ ಮಾಡುವ ಶಾಖೆಗೆ, ಒಂದು ಡಿಗ್ರಿ ಇಳಿಸುವ ಬಗ್ಗೆ ಯೋಚಿಸಲು.
೪. ಶ್ರೀ ಸ್ತೇನಾರ್ ಅವರ ಅಳಿಯನಿಗೆ, ಇನ್ನು ಹೆದರಬೇಕಾಗಿಲ್ಲವೆಂಬ ತಿಳುವಳಿಕೆಗಾಗಿ.